ಮುಂದಿನ ಗಾಜಿಲ್ಲದೆ ಮಂಡಿಗೆ

ನಮ್ಮತ್ತೆಯ ಬಲಗೈ ನಡುಬೆರಳಿನ ಗೆಣ್ಣು ಹುಣಸೆಬೀಜದಷ್ಟು ಉಬ್ಬಿ, ಅಷ್ಟೇ ಗಟ್ಟಿಯಾಗಿತ್ತು. ಜೀವಮಾನವೆಲ್ಲ ತೆಂಗಿನಕಾಯಿ ತಟ್ಟಿ ತಟ್ಟಿ ಹಾಗಾಗಿದ್ದು. ಅಟ್ಟದ ಮೇಲಿನ ಕಾಯನ್ನು ಕಿವಿಯ ಹತ್ತಿರ ಹಿಡಿದು ಆ ಗೆಣ್ಣಿನಿಂದ ಕುಟ್ಟಿದರೆ ಸಾಕು, ಒಳಗಿನ ನೀರು ಪೂರ್ತಿ ಇಂಗಿದೆಯೋ, ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಅವರಿಗೆ ತಿಳಿಯುತ್ತಿತ್ತು. ಕಾಯಿ ಕೈಗೆ ಸಿಗದಾಗ ಸಿಕ್ಕಿದ್ದನ್ನೆಲ್ಲ ಕುಟ್ಟುತ್ತಿದ್ದರು. ಹಂಡೆ, ಬಾಗಿಲು, ಕುಂಬಳಕಾಯಿ, ನನ್ನ ತಲೆ. ನನ್ನ ತಲೆ ಕುಟ್ಟಿದಾಗಲೆಲ್ಲ ಒಂದು ಗಳಿಗೆ ಕಿವಿಗೊಟ್ಟು ಕೇಳಿ, "ಇನ್ನೂ ನೀರಾಡ್ತದೆ ಕಣ್ಲಾ. ಬಲೀಬೇಕು" ಎನ್ನುತ್ತಿದ್ದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ನಾನು ಎರಡನೇ ಪಿಯುಸಿ ಪರೀಕ್ಷೆಯನ್ನು ಬಿಡಲಾರದ ಚಟದಂತೆ ಮತ್ತೆ ಮತ್ತೆ ಬರೆಯುತ್ತಿದ್ದೆ. ಅಪ್ಪ ಬೇಸತ್ತು, "ಹೋಗಿ ನಿಮ್ಮತ್ತೆ ಕಾರಾದ್ರೂ ಓಡ್ಸು. ಅಲ್ಲಿ ಫೇಲಾದ್ರೆ ಗೋಡೆ ಬೀಳ್ತದೆ ಅಷ್ಟೇ, ಮರ್ಯಾದೆ ಬೀಳಲ್ಲ" ಎಂದು ತಮ್ಮ ಅಕ್ಕನ ಊರಿಗೆ ಅಟ್ಟಿದರು. ನೊಣವಿನಕೆರೆಗೆ ಹತ್ತಿರದ ಊರು. ಮೊದಲ ವಾರವೇ ನಾನು ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದೇನೆಂದುಕೊಂಡು ಮುಂದಕ್ಕೆ ತೆಗೆದೆ. ಕೊಟ್ಟಿಗೆಯ ಗೋಡೆ ಬಿತ್ತು. ಒಳಗಿದ್ದ ಎಮ್ಮೆ ಬಿದ್ದ ಗೋಡೆಯನ್ನೂ ನನ್ನನ್ನೂ ನೋಡಿ, ಇಷ್ಟು ದಿನಕ್ಕೆ ಒಬ್ಬ ಕಿಟಕಿ ಇಡಿಸಿದನಲ್ಲ ಅನ್ನುವಂತೆ ಮೆಲುಕು ಹಾಕಿತು. ಅತ್ತೆ ಬಯ್ಯಲಿಲ್ಲ. ತಲೆಯನ್ನಷ್ಟೇ ಕುಟ್ಟಿ ನೋಡಿದರು.

ಆ ಕಾರು ಕೆನೆಬಣ್ಣದ ಹಳೇ ಅಂಬಾಸಿಡರು. ಅತ್ತೆಯ ಗಂಡ ಯಾರ ಕೈಯಿಂದಲೋ ಕೊಂಡು ತಂದು, ಅದರಲ್ಲಿ ಬಹಳ ದಿನ ಓಡಾಡುವ ಮೊದಲೇ ತೀರಿಕೊಂಡಿದ್ದರು. ಅವರು ಹೋದ ಮೇಲೆ ಅತ್ತೆಯ ಪಾಲಿನ ಕೊಬ್ಬರಿಯನ್ನು ತಿಪಟೂರಿನ ಮಂಡಿಗೆ ಒಯ್ಯುತ್ತಿದ್ದವರು ಅವರ ಮೈದುನ, ನನಗೆ ಸಣ್ಣ ಮಾವ. ಒಳ್ಳೆಯ ಮನುಷ್ಯ, ಮೋಸಗಾರನಲ್ಲ. ಸಂಜೆ ಬಂದು, "ಆಯ್ತು ಅತ್ತಿಗೆ, ಹೋಯ್ತು ಮಾಲು" ಎಂದಷ್ಟೇ ಹೇಳಿ ಕಾಲು ತೊಳೆಯಲು ಹೋಗುತ್ತಿದ್ದರು. ಅತ್ತೆಗೆ ಅದೇ ತಡೆಯಲಾಗುತ್ತಿರಲಿಲ್ಲ.

"ಒಂದ್ ಕಾಯಿನ ವರ್ಷೊಪ್ಪತ್ತು ಅಟ್ಟದ್ ಮ್ಯಾಲೆ ಕಾಯ್ದಿರ್ತೀನಿ" ಎಂದು ನನಗೆ ಒಮ್ಮೆ ಹೇಳಿದ್ದರು. "ಸುಲಿದು, ಚಿಪ್ಪು ಬುಡ್ಸಿ, ಉಂಡೆ ಒಂದಿಷ್ಟೂ ಮುಕ್ಕಾಗ್ದಂಗೆ ಕಳಿಸ್ತೀನಿ. ಅಲ್ಲಿ ನಾಕ್ ಜನ ಅದ್ನ ಕೈಯಾಗೆ ಹಿಡ್ಕೊಂಡು ಏನಂದ್ರು? ಚೆನ್ನಾಗೈತೆ ಅಂದ್ರೋ, ಕೆಟ್ಟೈತೆ ಅಂದ್ರೋ? ಅದ್ನ ನಂಗ್ಯಾರೂ ಬಂದ್ ಹೇಳ್ಲಿಲ್ಲ ಕಣ್ಲಾ."

ಅದಕ್ಕಾಗಿಯೇ, ನಾನು ಬರುವ ಮೊದಲು, ಒಂದು ಶನಿವಾರ ಅವರು ಯಾವನೋ ಬಾಡಿಗೆ ಡ್ರೈವರನನ್ನು ಕರೆಸಿ, ಕಾರಿನ ಹಿಂದಿನ ಸೀಟಿಗೂ ಡಿಕ್ಕಿಗೂ ಮೂಟೆ ತುಂಬಿಸಿ, ತಾವು ಮುಂದಿನ ಸೀಟಿನಲ್ಲಿ ಕೂತುಬಿಟ್ಟರಂತೆ. ಊರು ನಕ್ಕಿತಂತೆ. ಗಂಡ ಸತ್ತ ಹೆಂಗಸು ಮಂಡಿಗೆ ಹೋಗುವುದು ಆ ಸುತ್ತಿನಲ್ಲಿ ಯಾರೂ ಕಂಡಿದ್ದಲ್ಲ. ಬಸ್ಸಿನಲ್ಲಿ ಹೋಗಬಹುದಿತ್ತು, ಆದರೆ ಬಸ್ಸಿನವರು ಮೂಟೆ ಹಾಕಿಕೊಳ್ಳುತ್ತಿರಲಿಲ್ಲ. ಮೂಟೆ ಯಾರ ಜೊತೆ ಹೋಗುತ್ತದೋ ಮಾತೂ ಅವರ ಜೊತೆಗೇ ಹೋಗುತ್ತದೆ ಅನ್ನುವುದು ಅತ್ತೆಯ ಲೆಕ್ಕ. ಕಾರಿದ್ದರೆ ಮಂಡಿ. ಕಾರು ಹೋದರೆ ಮತ್ತೆ ಹೊಸಲಿನ ಮೇಲೆ ಕೂತು ಮೈದುನ ಕಾಲು ತೊಳೆದು ಬರುವುದನ್ನು ಕಾಯಬೇಕು.

ಕಾರಿನಲ್ಲಿ ಕೂತ ಅತ್ತೆಯನ್ನು ನೀವು ನೋಡಬೇಕಿತ್ತು. ಒಂದು ಕೈಯಲ್ಲಿ ಬಾಗಿಲಿನ ಹಿಡಿ, ಇನ್ನೊಂದು ಕೈಯಲ್ಲಿ ಮಾದರಿಗೆಂದು ಆರಿಸಿಟ್ಟ ಕೊಬ್ಬರಿ ಉಂಡೆ. ತಮ್ಮ ಕಾಲಡಿಯಲ್ಲೂ ಒಂದು ಬ್ರೇಕು ಇದೆಯೆಂದು ನಂಬಿ ದಾರಿಯುದ್ದಕ್ಕೂ ಒತ್ತುತ್ತಿದ್ದರು. ದನ ಅಡ್ಡ ಬಂದರೆ ಹಾರನ್ ಹೊಡೆಯಲು ಬಿಡುತ್ತಿರಲಿಲ್ಲ. "ತಡ್ಯೋ, ಅದಕ್ಕೂ ಏನೋ ಕೆಲ್ಸ ಇರ್ತದೆ" ಎನ್ನುತ್ತಿದ್ದರು. ದನ ರಸ್ತೆ ಮಧ್ಯೆ ನಿಂತು ತನ್ನ ಕೆಲಸ ಮುಗಿಸುವವರೆಗೆ ನಾವು ಕಾಯುತ್ತಿದ್ದೆವು.

ಅವರ ಇನ್ನೊಂದು ನಂಬಿಕೆ ಕೊಬ್ಬರಿ ಎಣ್ಣೆ. ನನ್ನ ಜ್ವರಕ್ಕೆ, ಬಾಗಿಲ ತಿರುಗಣಿಗೆ, ಎಮ್ಮೆಯ ಕೊಂಬಿಗೆ, ಎಲ್ಲದಕ್ಕೂ ಅದೇ. ರೇಡಿಯೋ ಕೊರಕೊರ ಅಂದಿತೆಂದು ಅದರ ತಿರುಪಿಗೂ ಬಿಟ್ಟರು. ಅಂದಿನಿಂದ ನಾನು ಕ್ರಿಕೆಟ್ ಕಾಮೆಂಟರಿ ಇಟ್ಟರೆ ಮುಳ್ಳು ತಾನಾಗಿಯೇ ಜಾರಿ ಕೃಷಿರಂಗಕ್ಕೆ ಹೋಗಿ ನಿಲ್ಲುತ್ತಿತ್ತು.

ಆ ವರ್ಷ ಕಾರ್ತಿಕದಲ್ಲಿ ಜಡಿಮಳೆ ಹಿಡಿಯಿತು. ಕಾರಿನ ಮುಂದಿನ ಗಾಜಿನ ಸುತ್ತಲ ರಬ್ಬರು ಹಳೇ ಚಪ್ಪಲಿಯಂತೆ ಬಿರಿದಿತ್ತು. ಅಲ್ಲಿಂದ ನೀರು ಇಳಿದು ಅತ್ತೆಯ ಮಡಿಲಿಗೆ ತೊಟ್ಟಿಕ್ಕುತ್ತಿತ್ತು. ಅವರು ತೊಡೆಯ ಮೇಲೊಂದು ಚೊಂಬು ಇಟ್ಟುಕೊಂಡು ಗಂಭೀರವಾಗಿ ಕೂರುತ್ತಿದ್ದರು. ಆದರೆ ಫ್ಯೂಸಿಗೆ ಚೊಂಬು ಹಿಡಿಯುವವರು ಯಾರು? ಒಂದು ಶನಿವಾರ ನಡುದಾರಿಯಲ್ಲಿ ಗಾಡಿ ಕೆಮ್ಮಿ ನಿಂತಿತು. ಯಾರದೋ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು, ಕೊಬ್ಬರಿ ಸಮೇತ ವಾಪಸು ಬಂದೆವು.

ಸಣ್ಣ ಮಾವ ಹಜಾರದಲ್ಲಿ ನಿಂತು ಹೇಳಿಯೇಬಿಟ್ಟರು. "ಅತ್ತಿಗೆ, ಇದು ಕಾರಲ್ಲ, ಬಚ್ಲುಮನೆ. ಬರೋ ಶನಿವಾರ ಇದ್ರಾಗೆ ಮಂಡಿಗೆ ಹೋಗಿ ಬಂದ್ರೆ ಸರಿ, ನಾನಿನ್ ಮಾತಾಡಲ್ಲ. ಇಲ್ಲಾಂದ್ರೆ ಅವತ್ ಸಾಯಂಕಾಲ ಗುಜರಿಯೋನು ಬತ್ತಾನೆ, ಕೊಟ್ಬುಡಾನ. ಕೊಬ್ರಿ ನಾನ್ ತಗಂಡೋಯ್ತೀನಿ. ನಿಮ್ಗ್ಯಾಕೆ ಈ ವನವಾಸ?"

ಅತ್ತೆ ಚೊಂಬಿನ ನೀರನ್ನು ಅಂಗಳಕ್ಕೆ ಚೆಲ್ಲಿದರು. ಅಡಿಗೆಮನೆಯ ಬಾಗಿಲಲ್ಲಿ ಸಣ್ಣತ್ತೆ, ಅಂದರೆ ಮಾವನ ಹೆಂಡತಿ, ಸೆರಗಿನ ತುದಿ ತಿರುಪುತ್ತ ನಿಂತಿದ್ದರು. ಅವರು ಗಂಡನ ಎದುರು ಜೋರಾಗಿ ಸೀನಿದ್ದನ್ನೂ ನಾನು ಕೇಳಿರಲಿಲ್ಲ.

ತಿಪಟೂರಿನಲ್ಲಿ ಗಾಜು ಕೂರಿಸುವ ಮೇಸ್ತ್ರಿ ತಂಗಿಯ ಮದುವೆಗೆ ಹೋಗಿದ್ದ. ಶನಿವಾರ ಕಳೆದ ಮೇಲೇ ಬರುವುದು. ಹೊಸ ರಬ್ಬರು ಮಾತ್ರ ಅಂಗಡಿಯಲ್ಲಿ ಸಿಕ್ಕಿತು. ಆಗ ನಾನು ಜೀವನದಲ್ಲಿ ಹಲವು ಸಲ ಆಡಿ ಕೆಟ್ಟ ಮಾತನ್ನು ಮತ್ತೊಮ್ಮೆ ಆಡಿದೆ. "ನಾನಿದೀನಲ್ಲತ್ತೆ."

"ನಿಂಗೆ ಬತ್ತದೇನ್ಲಾ?"

"ಆ ಮೇಸ್ತ್ರಿ ಹಾಕೋದ್ನ ನಿಂತ್ಕೊಂಡ್ ನೋಡಿದೀನಿ." ನೋಡಿದ್ದೆ ನಿಜ. ಅರ್ಧ ನೋಡಿದ್ದೆ. ಉಳಿದರ್ಧ ಹೊತ್ತು ಪಕ್ಕದ ಅಂಗಡಿಯಲ್ಲಿ ಬೋಂಡ ತಿನ್ನುತ್ತಿದ್ದೆ.

ಮಳೆ ಬಿಟ್ಟು ನಾಲ್ಕು ದಿನವಾಗಿತ್ತು. ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ಕೆಲಸ ಶುರುವಾಯಿತು. ಗಾಜಿನ ಸುತ್ತ ರಬ್ಬರು, ಆ ರಬ್ಬರಿನ ಸೀಳಿನಲ್ಲಿ ಮೇಲೊಂದು ಕೆಳಗೊಂದು ಹೊಳೆಯುವ ತೆಳು ಪಟ್ಟಿ. ಗ್ಯಾರೇಜಿನವರು ಅದನ್ನು ಬೀಡಿಂಗ್ ಅನ್ನುತ್ತಾರೆ. ಮೊದಲು ಪಟ್ಟಿ ಬಿಚ್ಚಬೇಕು, ಆಮೇಲೆ ರಬ್ಬರಿನ ತುಟಿ ಎಬ್ಬಿಸಬೇಕು, ಆಮೇಲೆ ಗಾಜನ್ನು ಒಳಗಿನಿಂದ ಹೊರಕ್ಕೆ ತಳ್ಳಬೇಕು. ಇಷ್ಟು ನನಗೆ ಗೊತ್ತಿತ್ತು. ಮೇಲಿನ ಪಟ್ಟಿಗೆ ಸ್ಕ್ರೂಡ್ರೈವರ್ ತೂರಿಸಿ ಒಂದೇ ಸಲ ಮೀಟಿದೆ. ಪಟ್ಟಿ ಬಂತು. ಜಿಲೇಬಿಯ ಆಕಾರದಲ್ಲಿ ಬಂತು. ಬರುವಾಗ ಗಾಜಿನ ಮೇಲಿನ ತಗಡಿನ ಬಣ್ಣವನ್ನೂ ಒಂದು ಗೆರೆ ಕೆರೆದುಕೊಂಡು ಬಂತು.

ಅತ್ತೆ ನನ್ನ ತಲೆ ಕುಟ್ಟಿದರು. ಈ ಸಲ ಕಿವಿಗೊಟ್ಟು ಕೇಳಲೂ ಇಲ್ಲ. "ಎದ್ದೇಳ್ಲಾ ಅತ್ಲಾಗೆ. ಉಂಡೆ ಕೊಬ್ರಿ ತಗ್ಯೋವಾಗ ಹಿಂಗೇ ಮೀಟ್ತೀಯಾ? ಮೀಟಿದ್ರೆ ಚೂರು ಸಿಗ್ತದೆ, ಉಂಡೆ ಸಿಗಲ್ಲ."

ಸೆರಗು ಸಿಕ್ಕಿಸಿ ಅವರೇ ಇಳಿದರು. ತೆಂಗಿನ ಚಿಪ್ಪಿನ ಒಂದು ಚೂರು ಆರಿಸಿ ತಂದು, ಅದರ ಅಂಚನ್ನು ಕಲ್ಲಿಗೆ ಉಜ್ಜಿ ತೆಳು ಮಾಡಿಕೊಂಡರು. ಕೆಳಗಿನ ಪಟ್ಟಿಯ ತುದಿಗೆ ಅದನ್ನು ಒತ್ತಿ, ಇಷ್ಟಿಷ್ಟೇ ಎಬ್ಬಿಸುತ್ತ ಹೋದರು. ಚಿಪ್ಪು ಒಡೆಯುವಾಗ ಹೇಗೆ ಕಾಯನ್ನು ತಿರುಗಿಸುತ್ತ ಸುತ್ತಲೂ ಮೆಲ್ಲಗೆ ತಟ್ಟುತ್ತಾರೋ ಹಾಗೆ, ಒಂದು ಕಡೆಯೂ ಜಾಸ್ತಿ ಒತ್ತಲಿಲ್ಲ. ಪಟ್ಟಿ ಹಾವಿನ ಪೊರೆಯಂತೆ ಬಿಟ್ಟುಕೊಂಡಿತು. ರಬ್ಬರಿನ ತುಟಿಯನ್ನೂ ಹಾಗೆಯೇ ಎಬ್ಬಿಸಿದರು. ನಾನು ಸೀಟಿನ ಮೇಲೆ ಮಲಗಿ ಎರಡೂ ಕಾಲಿನಿಂದ ಗಾಜನ್ನು ತಳ್ಳಿದೆ. ಹೊರಗೆ ಅತ್ತೆ ಮತ್ತು ಸಣ್ಣತ್ತೆ ಕಂಬಳಿ ಹಿಡಿದು ನಿಂತು, ಗಾಜನ್ನು ಮಗುವಿನ ಹಾಗೆ ಇಳಿಸಿಕೊಂಡರು. ಒಂದು ಗೀರೂ ಇಲ್ಲ.

ಅಲ್ಲಿಗೆ ನಿಲ್ಲಿಸಿದ್ದರೆ ಅತ್ತೆಯ ಕೀರ್ತಿ ಇವತ್ತಿಗೂ ಉಳಿದಿರುತ್ತಿತ್ತು. ಆದರೆ ಗಾಜನ್ನು ವಾಪಸು ಕೂರಿಸಬೇಕಲ್ಲ. ಗಾಜಿಗೆ ಹೊಸ ರಬ್ಬರು ತೊಡಿಸಿ, ರಬ್ಬರಿನ ಹೊರ ಸೀಳಿನಲ್ಲಿ ಸುತ್ತಲೂ ಒಂದು ದಾರ ಹುದುಗಿಸಿ, ಗಾಜನ್ನು ಜಾಗದಲ್ಲಿಟ್ಟು ಒಳಗಿನಿಂದ ದಾರ ಎಳೆಯಬೇಕು. ಆಗ ರಬ್ಬರಿನ ತುಟಿ ತಗಡಿನ ಮೇಲೆ ಹತ್ತಿ ಕೂರುತ್ತದೆ.

"ಜಾರೋಕೆ ಅವ್ನು ಅದೇನೋ ಹಚ್ತಿದ್ದ ಅತ್ತೆ" ಎಂದೆ. ಅದೇನೋ ಹಚ್ಚುವಾಗಲೇ ನಾನು ಬೋಂಡಕ್ಕೆ ಹೋಗಿದ್ದು.

"ಜಾರೋಕೆ ಕೊಬ್ರಿ ಎಣ್ಣೆಗಿಂತ ಇನ್ನೇನ್ಲಾ ಬೇಕು?" ಅತ್ತೆ ಆಗಲೇ ಡಬ್ಬ ತಂದಿದ್ದರು. ದಾರಕ್ಕೆ ಅಟ್ಟದಿಂದ ತೆಂಗಿನ ನಾರಿನ ಸಣ್ಣ ಹುರಿ ಬಂತು. ನಾವು ಮೂವರೂ ಮೊಣಕೈವರೆಗೆ ಎಣ್ಣೆ ಮಾಡಿಕೊಂಡೆವು. ಹೊರಗಿನಿಂದ ನಾನೂ ಅತ್ತೆಯೂ ಗಾಜು ಒತ್ತಿದೆವು. ಒಳಗೆ ಕೂತು ಹುರಿ ಎಳೆಯುವ ಕೆಲಸ ಸಣ್ಣತ್ತೆಯ ಪಾಲಿಗೆ ಬಂತು. ಆ ಕಾರು ಮನೆಗೆ ಬಂದು ಅಷ್ಟು ವರ್ಷವಾಗಿದ್ದರೂ ಅವರು ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಹುರಿ ಎಳೆಯುವುದು ಮರೆತು ಹೊರಗೆ ನೋಡುತ್ತ, "ಇಲ್ಲಿಂದ ನೋಡಿದ್ರೆ ನಮ್ಮನೆ ಬ್ಯಾರೆ ಯಾರ್ದೋ ಮನೆ ತರ ಕಾಣ್ತದಲ್ಲಕ್ಕ" ಎಂದರು.

"ಎಳಿಯೇ ಮಾರಾಯ್ತಿ, ಆಮ್ಯಾಕೆ ನೋಡೀವಂತೆ!"

ಹುರಿ ಬಂತು. ಗಾಜು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಕೂತಿತು. ಕೆಳಗಿನ ಪಟ್ಟಿಯನ್ನು ಸೀಳಿಗೆ ಒತ್ತಿದೆವು. ಮೇಲಿನ ಪಟ್ಟಿ ಜಿಲೇಬಿಯಾಗಿತ್ತಲ್ಲ, ಅದನ್ನು ನಾನು ಮೆಲ್ಲಗೆ ಬೇಲಿಯಾಚೆ ಎಸೆದೆ. "ಅದೇನ್ ಬ್ಯಾಡ ಬುಡತ್ತೆ. ಬರೀ ಶೋಕಿಗೆ ಹಾಕಿರ್ತಾರೆ."

ಮರುದಿನ ಬೆಳಿಗ್ಗೆ ಚಳಿ ಬಿದ್ದಿತ್ತು. ಕೊಬ್ಬರಿ ಎಣ್ಣೆಯೆಲ್ಲ ಹೆಪ್ಪುಗಟ್ಟಿ ಗಾಜಿನ ಸುತ್ತ ಬೆಳ್ಳಗೆ, ಯಾರೋ ಸುಣ್ಣದ ಪಟ್ಟೆ ಬಳಿದಂತೆ ಕಾಣುತ್ತಿತ್ತು. "ನೋಡತ್ತೆ, ಸಿಮೆಂಟ್ ಹಾಕ್ದಂಗೆ ಹಿಡ್ಕೊಂಡೈತೆ" ಎಂದು ನಾನು ಬೀಗಿದೆ. ಮೂಟೆ ತುಂಬಿ ಹೊರಟೆವು. ಸಣ್ಣ ಮಾವ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು.

ಬಿಸಿಲು ಏರಿತು. ಎಣ್ಣೆ ಕರಗಿತು. ನನ್ನ ಸಿಮೆಂಟು ಸಣ್ಣ ಸಣ್ಣ ಹನಿಯಾಗಿ ಗಾಜಿನ ಮೇಲೆ ಇಳಿಯತೊಡಗಿದಾಗ ನಾನು ವೈಪರ್ ಹಾಕಿದೆ. ಎಣ್ಣೆಯನ್ನು ವೈಪರಿನಿಂದ ಒರೆಸಿದವರಿಗೆ ಮಾತ್ರ ಆಮೇಲೆ ಏನಾಗುತ್ತದೆಂದು ಗೊತ್ತು. ಇಡೀ ಗಾಜು ಮಂಜಾಯಿತು. ಮುಂದೆ ರಸ್ತೆಯ ಮೇಲೆ ಯಾರೋ ಹುರುಳಿ ಗಿಡ ಹರಡಿದ್ದರು. ಗಾಡಿಗಳು ಅದರ ಮೇಲೆ ಹಾದರೆ ಕಾಳು ತಾನಾಗಿ ಬಿಡುತ್ತದಲ್ಲ, ಅದಕ್ಕೆ. ಅದು ಕಂಡಿದ್ದು ಹತ್ತಿರ ಹೋದ ಮೇಲೆ. ಬ್ರೇಕು ಒತ್ತಿದೆ. ಅತ್ತೆಯೂ ತಮ್ಮ ಬ್ರೇಕು ಒತ್ತಿದರು. ಗಾಡಿ ನಿಂತಿತು. ಗಾಜು ನಿಲ್ಲಲಿಲ್ಲ.

ನೀರು ಕುಡಿಯಲು ತಲೆ ಬಗ್ಗಿಸುವ ಹಸುವಿನಂತೆ ಅದು ನಿಧಾನವಾಗಿ ಮುಂದಕ್ಕೆ ಬಾಗಿತು. ರಬ್ಬರು, ಕೆಳಗಿನ ಪಟ್ಟಿ, ಎಲ್ಲ ಸಮೇತ ಬಾನೆಟ್ಟಿನ ಮೇಲೆ ಜಾರುಬಂಡೆ ಆಡಿಕೊಂಡು ಹೋಗಿ ಹುರುಳಿ ಸೊಪ್ಪಿನ ರಾಶಿಯ ಮೇಲೆ ಮಲಗಿತು. ಒಡೆಯಲಿಲ್ಲ. ರಾಶಿಯ ಒಡೆಯ ಬೀಡಿ ಹಿಡಿದು ಮರದಡಿಯಿಂದ ಎದ್ದು ಬಂದ. ಗಾಜು ನೋಡಿದ, ನಮ್ಮನ್ನು ನೋಡಿದ.

"ಏನ್ರಪ್ಪಾ, ಹುರುಳಿ ಒಣಾಕಿರೋ ಜಾಗ ಇದು. ನೀವ್ ಗಾಜು ಒಣಾಕ್ತಿದೀರಾ?"

ನನಗೆ ನಗಲೂ ಆಗಲಿಲ್ಲ. ಮೊದಲ ಸಲ ಅತ್ತೆಯ ಮುಖ ನೋಡಲು ಹೆದರಿಕೆಯಾಯಿತು. ಸಂಜೆಗೆ ಗುಜರಿಯವನು ಬರುತ್ತಾನೆ. "ತಿರುಗ್ಸನಾ ಅತ್ತೆ?" ಎಂದೆ.

ಅತ್ತೆ ಗಾಜಿದ್ದ ಜಾಗದ ಮೂಲಕ ಮುಂದೆ ನೋಡಿದರು. ಆಮೇಲೆ ಸೆರಗನ್ನು ತಲೆಯ ಸುತ್ತ ಬಿಗಿಯಾಗಿ ಸುತ್ತಿ ಗಲ್ಲದ ಕೆಳಗೆ ಗಂಟು ಹಾಕಿದರು.

"ಗಾಜಿಲ್ದಿದ್ರೇನ್ಲಾ, ರಸ್ತೆ ಐತಲ್ಲ. ನಡಿ."

ಗಾಜನ್ನು ಹುರುಳಿಯವನ ಮರದಡಿ ಒರಗಿಸಿ, "ನೋಡ್ಕಳಪ್ಪ, ಬತ್ತಾ ತಗಂಡೋಯ್ತೀವಿ" ಎಂದು ಹೇಳಿ ಹೊರಟೆವು. ಆ ಪ್ರಯಾಣದ ಬಗ್ಗೆ ನಾನು ಜಾಸ್ತಿ ಹೇಳಲಾರೆ, ಯಾಕೆಂದರೆ ಬಾಯಿ ಬಿಟ್ಟಾಗಲೆಲ್ಲ ಒಂದು ಹುಳ ಒಳಗೆ ಹೋಗುತ್ತಿತ್ತು. ಹುಟ್ಟಿದ ಮೇಲೆ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೊಂದೇ ದಿನ. ಎದುರಿಗೆ ಬಂದ ಬಸ್ಸಿನ ಧೂಳೆಲ್ಲ ನೇರ ನಮ್ಮ ಮುಖಕ್ಕೆ. ನೊಣವಿನಕೆರೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಎದ್ದು ನಿಂತು ನೋಡಿದರು. ಒಬ್ಬ ಹುಡುಗ ಕಿಟಕಿಯ ಬದಲು ಮುಂದಿನಿಂದಲೇ ನಮಗೆ ಕೈ ಚಾಚಿ ಕಡ್ಲೆಕಾಯಿ ಮಾರಲು ನೋಡಿದ. ಅತ್ತೆ ಯಾರ ಕಡೆಗೂ ತಿರುಗಲಿಲ್ಲ. ಕೊಬ್ಬರಿ ಉಂಡೆಯನ್ನು ಸೆರಗಿನೊಳಗೆ ಇಟ್ಟುಕೊಂಡು, ಅದಕ್ಕೆ ಮಾತ್ರ ಧೂಳು ತಾಗದಂತೆ ಕೂತಿದ್ದರು.

ಮಂಡಿ ತಲುಪಿದಾಗ ನಾವಿಬ್ಬರೂ ರಾಗಿ ಹಿಟ್ಟಿನಲ್ಲಿ ಹೊರಳಿ ಬಂದವರ ಹಾಗಿದ್ದೆವು. ಯಾವಾಗಲೂ ಕೊಳ್ಳುವ ವ್ಯಾಪಾರಿಯೊಬ್ಬರು ಕಾರಿನ ಮುಂದೆ ಬಂದು, ಇಲ್ಲದ ಗಾಜನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಏನಮ್ಮಾ ಇದು, ಗ್ಲಾಸೇ ಇಲ್ವಲ್ಲ?"

"ಸೆಕೆ ಕಣಪ್ಪ" ಎಂದರು ಅತ್ತೆ. ವ್ಯಾಪಾರಿ ಬೆಳಗಿನ ಚಳಿಗೆ ಹಾಕಿಕೊಂಡ ಸ್ವೆಟರನ್ನು ಇನ್ನೂ ಬಿಚ್ಚಿರಲಿಲ್ಲ.

ಅವರು ಮೂಟೆ ಬಿಚ್ಚಿ, ಉಂಡೆ ತೆಗೆದು, ತಿರುಗಿಸಿ, ಮೂಸಿ, ಒಂದನ್ನು ಒಡೆದು ಕಚ್ಚಿ ನೋಡಿದರು. "ಮಾಲು ಚೆನ್ನಾಗೈತೆ. ಆದ್ರೆ ಈ ಮೂಟೆನಾಗೆ ಕೆಲವು ಆತುರ ಬಿದ್ದು ಒಡ್ದಿದೀರಿ ಕಣಮ್ಮ. ಇನ್ನೊಂದಿಷ್ಟ್ ದಿನ ಅಟ್ಟದ್ ಮ್ಯಾಲೆ ಇರ್ಬೇಕಿತ್ತು."

ಬಯ್ಗುಳವೆಂದು ನನಗೆ ಮುಖ ಸಪ್ಪಗಾಯಿತು. ಅತ್ತೆಯ ಮುಖ ಧೂಳಿನೊಳಗಿಂದಲೂ ಅರಳಿತ್ತು. "ಹೌದು ಕಣಪ್ಪ, ಮಳೆ ಹಿಡೀತಲ್ಲ, ನಂಗೂ ಅನುಮಾನ ಇತ್ತು" ಎಂದು ಅವರ ಜೊತೆ ಬಹಳ ಹೊತ್ತು ನಿಂತು ಮಾತಾಡಿದರು. ವಾಪಸು ಬರುವಾಗ ನನಗೆ ಹೇಳಿದರು: "ಬೈದ್ರೂ ನನ್ ಮುಖಕ್ಕೇ ಬೈದ್ರು ನೋಡ್ಲಾ."

ಮನೆ ಮುಂದೆ ಸಣ್ಣ ಮಾವನೂ ಗುಜರಿಯವನೂ ಕಾಯುತ್ತಿದ್ದರು. ಗಾಡಿ ನಿಂತಿತು. ಗಾಜು ಹಿಂದಿನ ಸೀಟಿನಲ್ಲಿ ಖಾಲಿ ಗೋಣಿಚೀಲಗಳ ಮೇಲೆ ಮಲಗಿತ್ತು. ಮಾವ ಅತ್ತೆಯ ಮುಖ ನೋಡಿ, ನನ್ನ ಮುಖ ನೋಡಿ, ಯಾರು ಯಾರೆಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು.

"ಅತ್ತಿಗೆ, ಗಾಜು ಎಲ್ಲಿ?"

"ಮಂಡಿಗೆ ಹೋಗಿ ಬಂದೆ" ಎಂದರು ಅತ್ತೆ.

ಮಾವ ಮತ್ತೇನೂ ಕೇಳಲಿಲ್ಲ. ಮಾತು ಕೊಟ್ಟಿದ್ದರಲ್ಲ. ಗುಜರಿಯವನಿಗೆ ಕಾಫಿ ಕೊಡಿಸಿ ಕಳಿಸಿದರು. ಆಮೇಲೆ ಹಿತ್ತಲಿಗೆ ಹೋಗಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎಮ್ಮೆಯೂ ನಾನೂ ನೋಡಿದೆವು.

ಮದುವೆ ಮುಗಿಸಿದ ಮೇಸ್ತ್ರಿ ನಮ್ಮ ಅಂಗಳಕ್ಕೇ ಬಂದು ರಬ್ಬರಿನ ಸೀಳಿನಿಂದ ತೆಂಗಿನ ನಾರನ್ನು ಎಳೆ ಎಳೆಯಾಗಿ ತೆಗೆದ. "ಅರೆ ಅಮ್ಮಾ, ಕಾಯಿ, ನಾರು, ಎಣ್ಣೆ ಎಲ್ಲಾ ಹಾಕಿದೀರ. ಒಗ್ಗರಣೆ ಒಂದು ಮರ್ತಿದೀರ." ಸೋಪಿನ ನೀರು, ಪ್ಲಾಸ್ಟಿಕ್ ದಾರ, ಅಷ್ಟೇ ಅವನ ಸಾಮಾನು. ಕೂರಿಸಿ ಆದ ಮೇಲೆ ಹೊಸ ಪಟ್ಟಿಯನ್ನು ಸೀಳಿನಲ್ಲಿ ಒತ್ತುತ್ತ ನನ್ನ ಕಡೆ ನೋಡಿ ಹೇಳಿದ. "ಇದು ಶೋಕಿಗಲ್ಲ ಸ್ವಾಮಿ. ಇದು ಬೆಣೆ ಥರ ಕೂತ್ರೇನೆ ರಬ್ಬರ್ ಬಿಗಿಯಾಗಿ ಹಿಡ್ಕೊಳ್ಳೋದು." ಅತ್ತೆ ನನ್ನನ್ನು ನೋಡಿದರು. ನಾನು ಎಮ್ಮೆಯನ್ನು ನೋಡಿದೆ.

ಆಮೇಲೆ ಅವರ ಮಂಡಿಯ ಶನಿವಾರ ತಪ್ಪಿದ್ದು ನನಗೆ ನೆನಪಿಲ್ಲ. ಪಿಯುಸಿ ನನ್ನನ್ನು ಕೊನೆಗೂ ಪಾಸು ಮಾಡಿ ತೊಲಗಿಸಿತು, ಆದರೆ ನಾನು ಹಿಡಿದಿದ್ದು ಸ್ಟಿಯರಿಂಗೇ. ಇವತ್ತು ಟ್ಯಾಕ್ಸಿ ಓಡಿಸಿ ಅನ್ನ ತಿನ್ನುತ್ತಿದ್ದೇನೆ. ಗೋಡೆ ಬೀಳಿಸಿದವನನ್ನು ಮರುದಿನವೂ ಅದೇ ಸೀಟಿನಲ್ಲಿ ಕೂರಿಸಿ "ನಡಿ" ಎಂದವರು ಅವರೊಬ್ಬರೇ. ದನ ಅಡ್ಡ ಬಂದರೆ ಇವತ್ತಿಗೂ ಹಾರನ್ ಹೊಡೆಯಲು ಕೈ ಏಳುವುದಿಲ್ಲ. ಪ್ರಯಾಣಿಕರು ಬಯ್ಯುತ್ತಾರೆ.

ಕೆಲವು ವರ್ಷಗಳಲ್ಲಿ ಅತ್ತೆಯ ಮೊಣಕಾಲು ಸೋತಿತು. ನಾನು ಕಾರನ್ನು ಮಂಡಿಯೊಳಗೆ ನಿಲ್ಲಿಸುತ್ತಿದ್ದೆ. ಅವರು ಕೂತಲ್ಲಿಂದಲೇ ಉಂಡೆ ಹೊರಗೆ ಚಾಚುತ್ತಿದ್ದರು, ವ್ಯಾಪಾರಿಗಳು ಬಗ್ಗಿ ಮಾತಾಡುತ್ತಿದ್ದರು. ಒಂದು ಬೇಸಿಗೆಯಲ್ಲಿ, ಕಾಯಿಗಳಿನ್ನೂ ಅಟ್ಟದ ಮೇಲೆ ಬಲಿಯುತ್ತಿರುವಾಗ, ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ಕಾಯಿಗಳು ಮಾತ್ರ ತಮ್ಮ ಪಾಡಿಗೆ ಒಣಗಿದವು. ಸಮಯ ಬಂದಾಗ ಸಣ್ಣ ಮಾವ ಸುಲಿಸಿದರು, ಚಿಪ್ಪು ಬಿಡಿಸಿದರು, ಮೂಟೆ ಕಟ್ಟಿಸಿದರು. ಶನಿವಾರ ನನಗೆ ಹೇಳಿ ಕಳಿಸಿದರು. ಮೂಟೆ ತುಂಬಿ ಆಗಿತ್ತು. ಮಾವ ಮುಂದಿನ ಬಾಗಿಲ ಹಿಡಿಗೆ ಕೈ ಹಾಕಿದ್ದರು. ಆಗ ಒಳಗಿನಿಂದ ಸಣ್ಣತ್ತೆ ಬಂದರು. ಪೆಟ್ಟಿಗೆಯ ವಾಸನೆಯ ಒಳ್ಳೆಯ ಸೀರೆ ಉಟ್ಟಿದ್ದರು.

"ನೀವ್ ಹಿಂದೆ ಕೂತ್ಕೊಳ್ರಿ" ಎಂದರು, ಗಂಡನಿಗೆ. ದನಿ ಸಣ್ಣದೇ. ಆದರೆ ಅಂಗಳಕ್ಕೆಲ್ಲ ಕೇಳಿಸಿತು.

"ನೀನೆಲ್ಲಿಗೇ?"

"ಅಕ್ಕನ್ ಕಾಯಿ ಇವು. ಅಲ್ಲಿ ಅವ್ರು ಏನಂತಾರೋ ಕೇಳ್ಕೊಂಬರ್ಬೇಕು. ನೀವಾದ್ರೆ ಬಂದು ಕಾಲ್ ತೊಳ್ಕೊತೀರಿ."

ಮಾವ ಬಾಗಿಲ ಹಿಡಿ ಬಿಟ್ಟರು. ಹಿಂದಿನ ಬಾಗಿಲು ತೆಗೆದು, ಒಂದು ಮೂಟೆಯನ್ನು ಪಕ್ಕಕ್ಕೆ ತಳ್ಳಿ, ಉಳಿದ ಸಂದಿಯಲ್ಲಿ ಮೈ ಕುಗ್ಗಿಸಿ ಕೂತರು. ನಾನು ಗಾಡಿ ಸ್ಟಾರ್ಟ್ ಮಾಡಿದೆ.